ನಮ್ಮ ಮನೆ ಬಚ್ಚಲಿನ ನಿಯಮ

ನಮ್ಮ ಮನೆಯ ಬಚ್ಚಲಿಗೆ ಚಿಲಕವಿರಲಿಲ್ಲ. ಒಳಗೆ ಹೋದವರು ಹಾಡಬೇಕು, ಹಾಡು ಬರದವರು ಮಾತಾಡಬೇಕು, ಒಟ್ಟಿನಲ್ಲಿ ಬಾಯಿ ಮುಚ್ಚಬಾರದು. ನನ್ನ ಗಂಡ ಬಸ್ ಕಂಡಕ್ಟರು. ಅವರಿಗೂ ಸಂಗೀತಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ, ಹಾಗಾಗಿ ಸ್ನಾನ ಮಾಡುತ್ತ ತಮ್ಮ ರೂಟಿನ ಸ್ಟಾಪುಗಳನ್ನೇ ಒಂದೊಂದಾಗಿ ಕೂಗುತ್ತಿದ್ದರು. ಮಗಳು ಸಿನಿಮಾ ಹಾಡು ಗುನುಗುತ್ತಿದ್ದಳು. ನಾನು ಬೈಯುತ್ತಿದ್ದೆ. ಸೋರುವ ನಲ್ಲಿಯನ್ನು, ರವಿಕೆಗೆ ಅಳತೆ ಕೊಟ್ಟ ಮೇಲೆ ದಪ್ಪಗಾಗುವ ಗಿರಾಕಿಗಳನ್ನು, ಎಂದೋ ತೀರಿಕೊಂಡ ಅತ್ತೆಯನ್ನು. ಬೈಯಲು ನನಗೆ ಯಾವತ್ತೂ ವಿಷಯಕ್ಕೆ ಬರ ಬಂದದ್ದಿಲ್ಲ.

ಈ ನಿಯಮ ಇದ್ದದ್ದು ನಮ್ಮ ಜೊತೆಗೇ ಇರುವ ನನ್ನ ತಮ್ಮನಿಗಾಗಿ. ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತುವುದು ಅವನ ಕಸುಬು, ಕೈ ಬಹಳ ಚುರುಕು. ಅದೇ ಕೈಗೆ ಎಷ್ಟೋ ವರ್ಷ ಅಮಲಿನ ಪುಡಿ ಕರಗಿಸಿ ಚುಚ್ಚಿಕೊಂಡ. ಅವನೊಬ್ಬನೇ ಹಾಡಬೇಕು ಎಂದರೆ ಅದು ಕಾವಲು, ಮನೆಮಂದಿಯೆಲ್ಲ ಹಾಡಿದರೆ ಮನೆಯ ಪದ್ಧತಿ. ಹಾಗೆಂದು ಹೇಳಿಕೊಟ್ಟವಳು ಸೂಜಿಯಕ್ಕ.

ಸೂಜಿಯಕ್ಕ ಮಾರುಕಟ್ಟೆಯ ಹಿಂದಿನ ಕೇಂದ್ರದಲ್ಲಿ ಕೆಲಸ ಮಾಡುತ್ತಾಳೆ. ಚುಚ್ಚಿಕೊಳ್ಳುವವರಿಗೆ ಒಬ್ಬರಿಂದೊಬ್ಬರಿಗೆ ರೋಗ ಹರಡದಿರಲೆಂದು ಅಲ್ಲಿ ಬಳಸಿದ ಸೂಜಿ ತೆಗೆದುಕೊಂಡು ಹೊಸದು ಕೊಡುತ್ತಾರೆ, ಯಾಕೆ ಏನು ಎಂದು ಕೇಳುವುದಿಲ್ಲ. ಹಿಂದೆ ಅವಳೂ ಚುಚ್ಚಿಕೊಳ್ಳುತ್ತಿದ್ದವಳೇ. ಓಣಿಯವರು ಹೀಯಾಳಿಸಲು ಇಟ್ಟ ಹೆಸರನ್ನೇ ತನ್ನದಾಗಿಸಿಕೊಂಡಿದ್ದಾಳೆ. ಅವಳು ಮೊದಲ ಸಲ ನಮ್ಮ ಮನೆಗೆ ಬಂದಾಗ, ಕಳ್ಳನ ಕೈಗೆ ಬೀಗದ ಕೈ ಕೊಡುವುದೇ ನಿನ್ನ ಕೆಲಸವೋ ಎಂದು ಹೊಸ್ತಿಲಲ್ಲೇ ತಡೆದಿದ್ದೆ. ಅವಳೇನೂ ಮುಖ ಸಣ್ಣ ಮಾಡಿಕೊಳ್ಳಲಿಲ್ಲ.

"ಸತ್ತವರನ್ನ ಚಟ ಬಿಡಿಸೋಕಾಗಲ್ಲಕ್ಕ," ಎಂದಳು. "ಉಸಿರಾಡ್ತಿದ್ರೆ ನಾಳೆ ಬಿಡ್ತಾನೆ, ಇಲ್ಲ ನಾಡಿದ್ದು ಬಿಡ್ತಾನೆ. ಅಲ್ಲೀವರೆಗೂ ಒಬ್ಬನೇ ಬಾಗಿಲು ಹಾಕ್ಕೊಳ್ಳೋಕೆ ಬಿಡಬೇಡಿ."

ಪುಡಿ ಹೆಚ್ಚಾದರೆ ಉಸಿರು ಸದ್ದಿಲ್ಲದೆ ನಿಂತುಹೋಗುತ್ತದಂತೆ. ಹಾಗಾದಾಗ ಮೂಗಿಗೆ ಹೊಡೆಯಲೆಂದು ಒಂದು ಸ್ಪ್ರೇ ಕೊಟ್ಟು, ದಿಂಬನ್ನು ರೋಗಿ ಮಾಡಿ, ಮೊದಲು ಏನು ಮಾಡಬೇಕು ಆಮೇಲೆ ಏನು ಎಂದು ಎಲ್ಲ ತೋರಿಸಿಕೊಟ್ಟಳು. ಅದನ್ನು ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ಇಟ್ಟುಕೊಂಡೆ.

ಈಚೆಗೆ ತಮ್ಮ ಪುಡಿ ಬಿಟ್ಟಿದ್ದ. ದಿನಾ ಬೆಳಿಗ್ಗೆ ಕೇಂದ್ರಕ್ಕೆ ಹೋಗಿ, ಅವರು ಅಳೆದು ಕೊಡುವ ಔಷಧಿ ಅಲ್ಲೇ ಕುಡಿದು ಕೆಲಸಕ್ಕೆ ಹೋಗುತ್ತಿದ್ದ. ಅದು ಪುಡಿಯದೇ ಜಾತಿಯ ಮದ್ದು, ಆದರೆ ಅಮಲೇರಿಸುವುದಿಲ್ಲ, ಮೈಯ ಹಂಬಲವನ್ನು ಸುಮ್ಮನಿರಿಸುತ್ತದೆ. ಅವನ ಮುಖಕ್ಕೆ ಮತ್ತೆ ಕಳೆ ಬಂದಿತ್ತು. ನನಗೆ ಮಾತ್ರ ನಂಬಿಕೆ ಬಂದಿರಲಿಲ್ಲ. ಹಗ್ಗ ಕಂಡರೂ ಹಾವು ಅನ್ನುವ ಜೀವ ನನ್ನದು.

ಹೀಗಿರುವಾಗ ಮಗಳು ತನ್ನ ಆಫೀಸಿನ ಹುಡುಗನೊಬ್ಬನನ್ನು ಮೆಚ್ಚಿದಳು. ಅವನ ಅಪ್ಪ ಅಮ್ಮ ಭಾನುವಾರ ಸಂಜೆ ಮಾತಿಗೆ ಬರುವುದೆಂದಾಯಿತು. ಮಗಳು ಬಚ್ಚಲಿನ ಬಾಗಿಲು ನೋಡಿ, ಅವರಮ್ಮ ಒಳಗೆ ಹೋದರೆ ಹಾಡಿ ಅನ್ನುತ್ತೀಯಾ ಎಂದು ಕೇಳಿದಳು. ನನಗೆ ನಗು ಬಂತು. ಮರುದಿನ ತಮ್ಮನೇ ಒಂದು ಚಿಲಕ ತಂದು ಸ್ಕ್ರೂ ಬಿಗಿದ. ಒಂದು ಸಂಜೆಯ ಮಟ್ಟಿಗೆ ಇರಲಿ, ಹುಡುಗಿಯ ಮರ್ಯಾದೆ ಪ್ರಶ್ನೆ ಎಂದ. ನಾನೂ ಹೂಂ ಅಂದೆ.

ಬಂದವರು ಒಳ್ಳೆಯವರಂತೆ ಕಂಡರು. ಹುಡುಗನ ಅಮ್ಮ ಶಾಲೆಯ ಟೀಚರು, ಅಪ್ಪ ಮಾತಿಗಿಂತ ತಲೆಯಾಡಿಸುವುದೇ ಹೆಚ್ಚು. ನಾನು ಹೊಲಿಯುವ ಮುಂದಿನ ಕೋಣೆಯಲ್ಲೇ ಮೆಷಿನ್ನಿಗೆ ಬಟ್ಟೆ ಹೊದಿಸಿ ಕುರ್ಚಿ ಹಾಕಿದ್ದೆವು. ತಮ್ಮ, ಮುಖ ತೊಳೆದು ಬರುತ್ತೇನೆಂದು ಬಚ್ಚಲಿಗೆ ಹೋದ. ಚಿಲಕ ಬಿದ್ದದ್ದು ಕೇಳಿಸಿತು, ನೀರು ಬಿದ್ದದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ.

ಟೀಚರಮ್ಮ ಮಗಳ ಸಂಬಳ ಕೇಳುತ್ತಿದ್ದರು, ನಾನು ಹಲ್ಲು ಬಿಡುತ್ತಿದ್ದೆ, ಕಿವಿಯೆಲ್ಲ ಬಚ್ಚಲಿನ ಕಡೆಗೆ. ಟೀ ತರುವ ನೆಪದಲ್ಲಿ ಎದ್ದು ಹೋಗಿ ಬಚ್ಚಲಿನ ಬಾಗಿಲನ್ನು ಉಗುರಿನಿಂದ ತಟ್ಟಿದೆ. ಸದ್ದಿಲ್ಲ. ಹೆಸರು ಹಿಡಿದು ಕೂಗಿದರೆ ಬಂದವರಿಗೆ ಕೇಳಿಸುತ್ತದೆ. ಮತ್ತೆ ತಟ್ಟಿದೆ, ಮತ್ತೂ ಸದ್ದಿಲ್ಲ. ಓಡಿ ಬಂದು ಬಂದವರೆದುರೇ ಡ್ರಾಯರು ಎಳೆದು ಸ್ಪ್ರೇ ತೆಗೆದುಕೊಂಡೆ. ನನ್ನ ಮುಖ ನೋಡಿಯೇ ಗಂಡ ಎದ್ದು ಬಂದು ಬಾಗಿಲಿಗೆ ಹೆಗಲು ಕೊಟ್ಟರು, ಸ್ಕ್ರೂ ಕಿತ್ತು ಬಂತು.

ತಮ್ಮ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಗೋಡೆಗೆ ತಲೆಯಾನಿಸಿದ್ದ. ಕಣ್ಣು ಮುಚ್ಚಿತ್ತು. ಬಾಗಿಲು ಮುರಿದ ಸದ್ದಿಗೆ ಅವನು ಕಣ್ಣು ಬಿಡುವಷ್ಟೂ ಕಾಯದೆ, ಹಿಂದಕ್ಕೆ ತಲೆ ಬಾಗಿಸಿ ಮೂಗಿಗೆ ಹೊಡೆದುಬಿಟ್ಟೆ.

ತುಟಿ ನೀಲಿಗಟ್ಟಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿಯ ಕೆಳಗೆ ಎದೆ ಸರಿಯಾಗಿಯೇ ಏರಿಳಿಯುತ್ತಿತ್ತು. ಇದೆಲ್ಲ ನನಗೆ ಕಂಡದ್ದು ಹೊಡೆದ ಮೇಲೆ. ಇವರ ಮುಂದೆ ಏನು ಮಾತಾಡಲಿ ಎಂಬ ಚಿಂತೆಯಲ್ಲಿ ಹಿಂದಿನ ರಾತ್ರಿ ಅವನು ಕಣ್ಣು ಮುಚ್ಚಿರಲಿಲ್ಲವಂತೆ. ಹೊರಗೆ ಬರಲು ಧೈರ್ಯ ಸಾಲದೆ ಕೂತವನಿಗೆ ಹಾಗೇ ನಿದ್ದೆ ಹತ್ತಿತ್ತು.

ಆ ಸ್ಪ್ರೇಗೆ ಪುಡಿ ಯಾವುದು ಔಷಧಿ ಯಾವುದು ಎಂಬ ಭೇದವಿಲ್ಲ. ಬೆಳಿಗ್ಗೆ ಕುಡಿದ ಮದ್ದಿನ ಬಲವನ್ನೆಲ್ಲ ಒಂದೇ ಏಟಿಗೆ ಕಿತ್ತುಹಾಕಿತು. ಅವನು ಬೆಚ್ಚಿ ಎದ್ದ, ಮೈಯೆಲ್ಲ ಬೆವರಿ ಮುಳ್ಳೆದ್ದಿತು, ಹೊಟ್ಟೆ ಹಿಡಿದುಕೊಂಡು ಅಲ್ಲೇ ವಾಂತಿ ಮಾಡಿದ. ಟೀಚರಮ್ಮ ಬಾಗಿಲ ಬಳಿ ನಿಂತು ನೋಡುತ್ತಿದ್ದರು. ಅವನು ಬದುಕಿದ್ದಾನೆಂಬ ಸಮಾಧಾನ ನನಗೆ ಆಮೇಲೆ ಬಂತು. ಮೊದಲು ಬಂದದ್ದು ಸಿಟ್ಟು. ಸಾಯುತ್ತಿರಲಿಲ್ಲ ಎಂದಾದರೆ ನಮ್ಮ ಮಾನ ಯಾಕೆ ಹೀಗೆ ಹರಾಜಾಗಬೇಕಿತ್ತು ಎಂಬ ಸಿಟ್ಟು. ಅವನು ಅದನ್ನು ನನ್ನ ಮುಖದಲ್ಲಿ ಕಂಡ.

ಬಂದವರು, ಇನ್ನೊಮ್ಮೆ ನೋಡೋಣ ಎಂದು ಹೊರಟರು. ಮಗಳು ಕೋಣೆ ಸೇರಿದಳು. ನಾನು ಸೂಜಿಯಕ್ಕನಿಗೆ ಫೋನ್ ಮಾಡಿದೆ. ಸ್ಪ್ರೇಯ ಬಲ ಸ್ವಲ್ಪ ಹೊತ್ತಿಗೆ ಇಳಿಯುತ್ತದೆ, ಬೆಳಗಿನ ಔಷಧಿ ತಾನೇ ಮತ್ತೆ ಕೈಹಿಡಿಯುತ್ತದೆ, ಅಲ್ಲಿಯವರೆಗೆ ಕಾಯಬೇಕು ಎಂದಳು.

"ಅವನು ಈಗ ಪುಡಿಗೆ ಓಡ್ತಾನೆ. ಸ್ಪ್ರೇ ಬಲ ಇರೋವರೆಗೂ ಎಷ್ಟು ತಗೊಂಡ್ರೂ ಹತ್ತಲ್ಲ, ಅದಕ್ಕೇ ಜಾಸ್ತಿ ತಗೋತಾನೆ. ಸ್ಪ್ರೇ ಇಳಿದಾಗ ಎಲ್ಲಾ ಒಟ್ಟಿಗೆ ಹಿಡ್ಕೊಂಡು ಉಸಿರು ನಿಲ್ಲತ್ತೆ ಅಕ್ಕ. ಬಿಡಬೇಡಿ. ನಾನು ಬಂದೆ."

ಫೋನ್ ಇಡುವಷ್ಟರಲ್ಲಿ ಅವನು ಮನೆಯಲ್ಲಿರಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಓಡಿದೆ. ರಸ್ತೆಯ ತಿರುವಿನ ಬಸ್ ಸ್ಟಾಪಿನಲ್ಲಿ ಕಂಬ ಹಿಡಿದು ಬಗ್ಗಿದ್ದ. ಅಲ್ಲೇ ಬೆಂಚಿನ ಮೇಲೆ ಬಸ್ಸಿಗೆ ಕಾಯುತ್ತ ಟೀಚರಮ್ಮ, ಅವರ ಯಜಮಾನರು. ನಾನು ತಮ್ಮನ ತೋಳು ಹಿಡಿದೆ.

"ಬಿಡು ಅಕ್ಕ. ತಡ್ಕೊಳ್ಳೋಕಾಗ್ತಿಲ್ಲ."

"ಬಿಡಲ್ಲ. ಹೋಗೋದೇ ಆದ್ರೆ ನನ್ನನ್ನೂ ಕರ್ಕೊಂಡು ಹೋಗು. ಪುಡಿ ಮಾರೋರ ಮನೆ ಬಾಗಿಲಿಗೂ ಬರ್ತೀನಿ."

ಅವರಿಬ್ಬರ ಪಕ್ಕದಲ್ಲೇ ಅವನನ್ನು ಎಳೆದು ಕೂರಿಸಿದೆ. ಟೀಚರಮ್ಮ ಸ್ವಲ್ಪ ಸರಿದರು, ಜಾಗ ಕೊಡಲೋ ದೂರವಾಗಲೋ ನನಗೆ ತಿಳಿಯಲಿಲ್ಲ. ಬಸ್ಸು ಬಂತು, ಅವರು ಹತ್ತಿ ಹೋದರು. ನನ್ನ ಒಳ್ಳೆಯ ಬಟ್ಟೆಯ ಮೇಲೆ ಅವನು ಇನ್ನೊಮ್ಮೆ ವಾಂತಿ ಮಾಡಿದ. ಬೈಯಲು ಬಾಯಿ ತೆರೆದೆ, ಬದುಕಿನಲ್ಲಿ ಮೊದಲ ಸಲ ನನಗೆ ಬೈಗುಳ ಸಿಗಲಿಲ್ಲ. ಎರಡು ಸಲ ಕೊಸರಿಕೊಂಡು ಎದ್ದ, ಎರಡು ಸಲವೂ ಜೋತುಬಿದ್ದು ಕೂರಿಸಿದೆ. ನಿಂತವರು ನಿಂತು ನೋಡಿದರು.

ಸೂಜಿಯಕ್ಕ ಬಂದು ಅವನ ಇನ್ನೊಂದು ಪಕ್ಕ ಕೂತಳು. ಅವನಿಗೇನೂ ಉಪದೇಶ ಮಾಡಲಿಲ್ಲ, ಬೆನ್ನು ನೀವುತ್ತ ತನಗೆ ಹೀಗಾದಾಗ ಯಾರ್‍ಯಾರನ್ನು ಕಚ್ಚಿದ್ದೆ ಎಂದು ಹೇಳುತ್ತಿದ್ದಳು. ಮೆಲ್ಲಗೆ ನಡುಕ ತಗ್ಗಿತು, ಹಲ್ಲು ಕಟಕಟಿಸುವುದು ನಿಂತಿತು. ಗಂಡಾಂತರ ಕಳೆಯಿತು ಎಂದು ಸೂಜಿಯಕ್ಕ ನನಗೆ ಕಣ್ಣಲ್ಲೇ ಹೇಳಿದಳು. ಆಗಲೇ ಅವನು ಬಾಯಿ ಬಿಟ್ಟದ್ದು.

"ಒಂದ್ಸಲ ಹೆಸರು ಹಿಡಿದು ಕೂಗಿದ್ರೆ ಎದ್ದಿರ್ತಿದ್ದೆ ಅಕ್ಕ," ಎಂದ. "ನೀನು ಕೂಗಲೇ ಇಲ್ಲ."