ಕೆಟ್ಟಿಲ್ಲ

ಸೀಸೆಯೊಳಗಿನ ಹಸಿರು ದೀಪ ಇನ್ನೂ ಉರಿಯುತ್ತಿರುವಾಗಲೇ ತಂಗಿಯ ಫೋನು ಬಂತು. ಅಕ್ಕ ಆ ಸೀಸೆಯಿಟ್ಟ ಕತ್ತಲೆ ಪೆಟ್ಟಿಗೆಯ ಕಿಂಡಿಗೆ ಕಣ್ಣು ಕೀಲಿಸಿ ಕೂತಿದ್ದಳು. ಆಗ ಪ್ರಯೋಗಾಲಯದ ಚಾವಣಿಯೇ ಕುಸಿದು ತಲೆಯ ಮೇಲೆ ಬಿದ್ದಿದ್ದರೂ "ಸ್ವಲ್ಪ ಆಚೆ ಬೀಳು ಮಾರಾಯಾ" ಎನ್ನುತ್ತಿದ್ದಳೇ ಹೊರತು ಏಳುತ್ತಿರಲಿಲ್ಲ.

ಅವಳ ಸಂಸಾರ ಅಷ್ಟು ದೊಡ್ಡದು. ಒಂದು ಹನಿಯಲ್ಲಿ ಕೋಟಿ ಜೀವಾಣುಗಳು. ಅವುಗಳ ವಂಶಕ್ಕೇ ಕೈಹಾಕಿ, ಮಿಂಚುಹುಳದ ಗುಣ ಸೇರಿಸಿ, ನೀರಿನಲ್ಲಿ ಪಾಷಾಣವಿದ್ದರೆ ಬೆಳಗುವಂತೆ ತಿದ್ದಿದ್ದಳು. ಹತ್ತು ಸಲ ಕೂಗಿದರೂ ಓಗೊಡದ ಗಂಡನೆಲ್ಲಿ, ಕೂಗುವ ಮೊದಲೇ ಉತ್ತರ ಕೊಡುವ ಈ ಮಕ್ಕಳೆಲ್ಲಿ! ಆದರೂ ಒಂದು ಕಳ್ಳಾಟವಿತ್ತು. ಒಮ್ಮೊಮ್ಮೆ ಒಳ್ಳೆಯ ನೀರಿನಲ್ಲೂ ಸುಮ್ಮನೆ ಮಿನುಗಿ ಕೆಟ್ಟುಹೋಗುತ್ತಿದ್ದವು. ಕೆಡದೆ ಉರಿದರೆ ಮಾತ್ರ ವಿಷ.

ಕೆಡಲಿ, ಈ ದೀಪ ಕೆಡಲಿ ಎಂದು ಅಕ್ಕ ಕಾಯುತ್ತಿದ್ದಳು. ಸೀಸೆಯಲ್ಲಿದ್ದುದು ತಂಗಿಯ ಹೊಸ ಮನೆಯ ಬೋರ್‌ವೆಲ್ ನೀರು. ಆ ಮನೆಯಲ್ಲಿ ಬಾಟಲಿ ಹಾಲು ಕುಡಿಯುವ ಕೂಸಿತ್ತು.

"ಅಕ್ಕಾ, ಕೆಟ್ಟಿದೆಯಾ?"

"ಇನ್ನೂ ಕೆಟ್ಟಿಲ್ಲ ಕಣೇ. ಬೆಳಗ್ಗೆಯಿಂದ ನೋಡ್ತಾನೇ ಇದೀನಿ."

"ಸದ್ಯ, ಬದುಕಿದೆ!" ಫೋನು ಕಟ್ಟಾಯಿತು.

ಆ "ಸದ್ಯ" ಅಕ್ಕನಿಗೆ ಕೇಳಿಸಲೇ ಇಲ್ಲ. ಅವಳ ಕಿವಿಯೂ ಕಿಂಡಿಯಲ್ಲೇ ಇತ್ತು. ತಂಗಿಗೆ ವಿಷಯ ತಿಳಿಯಿತಲ್ಲ, ಈಗ ತರಿಸುತ್ತಿರುವ ಕ್ಯಾನ್ ನೀರನ್ನೇ ಮುಂದುವರಿಸುತ್ತಾಳೆ ಎಂದುಕೊಂಡು ಅದೇ ನೀರನ್ನು ದೊಡ್ಡ ಯಂತ್ರದ ಪರೀಕ್ಷೆಗೂ ಕಳಿಸಿದಳು. ವಾರ ಕಳೆದು ಉತ್ತರ ಬಂತು. ಪಾಷಾಣವಿತ್ತು, ಮಕ್ಕಳು ಸುಳ್ಳು ಹೇಳಿರಲಿಲ್ಲ. ಆ ಸಂಜೆ ಅಕ್ಕ ತಂಗಿಯ ಮನೆಗೆ ನಡೆದು ಹೋಗಲಿಲ್ಲ, ನೆಲದಿಂದ ಒಂದು ಮಾರು ಮೇಲೆ ತೇಲಿಕೊಂಡು ಹೋದಳು.

ತಂಗಿ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಕೂಸಿಗೆ ಹಾಲು ಕುಡಿಸುತ್ತಿದ್ದಳು.

"ಬನ್ನಿ ವಿಜ್ಞಾನಿಗಳೇ! ನಿಮ್ಮ ಹುಳುಗಳಿಗೆ ಹಾರ ಹಾಕ್ಬೇಕು ನಾನು. ಕ್ಯಾನಿನವನಿಗೆ ಅವತ್ತೇ ಬರಬೇಡ ಅಂದ್ಬಿಟ್ಟೆ."

ಅಕ್ಕ ಮೂಲೆ ನೋಡಿದಳು. ಬೋರಲು ಹಾಕಿದ ಕ್ಯಾನಿನ ಮೇಲೆ ಈರುಳ್ಳಿ ಬುಟ್ಟಿ ಕೂತಿತ್ತು.

"ಹಾಲಿಗೆ ಯಾವ ನೀರು ಹಾಕಿದೆ?"

"ನಲ್ಲೀದು, ನಮ್ಮ ಬೋರಿಂದೇ. ಕುದಿಸಿದೀನಿ ಬಿಡೇ, ನಂಗೂ ಅಷ್ಟು ಬುದ್ಧಿ ಇದೆ."

"ಕುದಿಸಿದ್ರೆ ಹೋಗೋದಲ್ಲ ಅದು."

"ಯಾವುದು ಹೋಗೋದಲ್ಲ? ನೀನೇ ಅಂದ್ಯಲ್ಲ, ಕೆಟ್ಟಿಲ್ಲ ಅಂತ."

ಕೋಟಿ ಜೀವಾಣುಗಳಿಗೆ ಮಾತು ಕಲಿಸಿದವಳು ನಲ್ಲಿಯ ಕಡೆ ತಿರುಗಿದಳು. ನಲ್ಲಿ ತೊಟ್ಟಿಕ್ಕುತ್ತಿತ್ತು.

"ದೀಪ ಕಣೇ," ಎಂದಳು. "ದೀಪ ಕೆಟ್ಟಿಲ್ಲ ಅಂದೆ. ಅದು ಉರೀತಾ ಇದ್ರೆ ನೀರಲ್ಲಿ ವಿಷ ಇದೆ ಅಂತ."

ತಂಗಿ ಅವಳ ಮುಖವನ್ನೇ ನೋಡಿದಳು. "ಒಂದು ವಾರ ಅಕ್ಕಾ," ಎಂದಳು, ತೀರಾ ಮೆಲ್ಲಗೆ.

"ಏಳು. ಆಸ್ಪತ್ರೆಗೆ ಹೋಗೋಣ. ಏಳೇ."

ತಂಗಿ ಬಾಟಲಿ ಎಳೆದುಕೊಂಡಳು. ಹಾಲು ಮಡಿಲ ಮೇಲೆಲ್ಲ ಚೆಲ್ಲಿತು. ಕೂಸು ಅಳಲಿಲ್ಲ. ಕಣ್ಣು ಮುಚ್ಚಿಕೊಂಡೇ ಇತ್ತು. ತುಟಿಗಳು ಬರಿಯ ಗಾಳಿಯನ್ನು ಇನ್ನೂ ಚೀಪುತ್ತಿದ್ದವು.