ಒಂಬತ್ತಿಂಚು

"ಬೇಗ ಹುಡುಕಮ್ಮ, ಗಾಡಿಯವನು ಆಗಲೇ ಎರಡು ಸಲ ಹಾರ್ನ್ ಹೊಡೆದ," ಎಂದು ಗಡಿಯಾರ ರಿಪೇರಿಯವರು ಬಾಗಿಲಲ್ಲೇ ನಿಂತು ಚಡಪಡಿಸಿದರು.

ಮಗಳು ತಗಡಿನ ಪೆಟ್ಟಿಗೆಯನ್ನು ನೆಲಕ್ಕೆ ಸುರಿದಳು. ಅಪ್ಪ ಕೂಡಿಟ್ಟಿದ್ದ ಮರದ ಪ್ರೊಪೆಲ್ಲರುಗಳು ಸೌದೆ ಚಕ್ಕೆಗಳ ಹಾಗೆ ಚೆಲ್ಲಾಡಿದವು. ಹೊರಗೆ ಅಂಗಳದಲ್ಲಿ ಅಪ್ಪ ಚಟ್ಟದ ಮೇಲೆ ಮಲಗಿದ್ದ. ಜೀವನವಿಡೀ ಊರವರ ಫ್ಯಾನು, ಪಂಪುಗಳ ಮೋಟಾರಿಗೆ ತಂತಿ ಸುತ್ತಿ ಹೊಟ್ಟೆ ಹೊರೆದವನು; ಭಾನುವಾರ ಮಾತ್ರ ಮೈದಾನದಲ್ಲಿ ಪುಟ್ಟ ವಿಮಾನ ಹಾರಿಸಿದವನು. ಕಳೆದ ವಾರ ಕಟ್ಟಿ ಮುಗಿಸಿದ ವಿಮಾನಕ್ಕೆ ಪ್ರೊಪೆಲ್ಲರ್ ಒಂದು ಬಾಕಿ ಉಳಿದಿತ್ತು. ಅದರ ಎಂಜಿನ್ನಿನ ಸದ್ದು ಕೇಳಿಸಿಯೇ ಅವನನ್ನು ಕಳಿಸಬೇಕೆಂದು ಗಡಿಯಾರದವರು, ಡ್ರಾಯಿಂಗ್ ಮೇಷ್ಟ್ರು ಮುಂತಾದ ಗೆಳೆಯರ ಹಟ.

"ಸಾವಿನ ಮನೇಲಿ ಇದೆಂಥ ಮಕ್ಕಳಾಟ?" ಎಂದು ಸೋದರತ್ತೆ ಗೊಣಗಿದಳು.

"ನಿಮ್ಮ ತಮ್ಮ ಬದುಕಿದ್ದೇ ಆ ಆಟಕ್ಕೆ, ಅಕ್ಕಾ," ಎಂದರು ಡ್ರಾಯಿಂಗ್ ಮೇಷ್ಟ್ರು. ಆಮೇಲೆ ಒಳಗೆ ಇಣುಕಿ, "ಹನ್ನೊಂದಿಂಚಿಂದೇ ತಗೊಂಡು ಬಾರಮ್ಮ. ನಮ್ಮ ಒಂಬತ್ತಿಂಚಣ್ಣನ ಥರ ಮಾಡಬೇಡ!"

ಅಳುತ್ತಿದ್ದವರೂ ನಕ್ಕುಬಿಟ್ಟರು. ಮಗಳು ಮಾತ್ರ ತಲೆಯೆತ್ತದೆ ಚೆಲ್ಲಿದ್ದನ್ನೇ ತಡಕಿದಳು.

* * *

ಆಗ ಅವಳಿಗೆ ಹದಿಮೂರು. ವಿಮಾನ ಹಾರಿಸುವ ಪಂದ್ಯದ ಬೆಳಿಗ್ಗೆ ಅಪ್ಪ ಹನ್ನೊಂದಿಂಚಿನ ಪ್ರೊಪೆಲ್ಲರ್ ಬಿಗಿದಿಟ್ಟು ಸ್ನಾನಕ್ಕೆ ಹೋಗಿದ್ದ. "ತೀರಾ ದೊಡ್ಡದು ಹಾಕಿದ್ರೆ ಎಂಜಿನ್ ಏದುಸಿರು ಬಿಡುತ್ತೆ, ಚಿಕ್ಕದು ಹಾಕಿದ್ರೆ ಹುಚ್ಚು ಹಿಡಿದ ಹಾಗೆ ತಿರುಗುತ್ತೆ," ಎಂದು ಅವನು ಯಾವಾಗಲೂ ಹೇಳುತ್ತಿದ್ದ. ಅದರಲ್ಲಿ ಅವಳ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ. ಜೋರಾಗಿ ತಿರುಗಿದರೆ ಗೆಲ್ಲಬಹುದಲ್ಲ! ಅಪ್ಪ ಹಾಕಿದ್ದನ್ನು ಬಿಚ್ಚಿ, ನೋಡಲು ಅಂಥದೇ ಆದ ಒಂಬತ್ತಿಂಚಿನದನ್ನು ಬಿಗಿದಳು. ಬಿಚ್ಚಿದ್ದನ್ನು ಲೆಕ್ಕದ ಪುಸ್ತಕದ ಹಾಳೆಯಲ್ಲಿ ಸುತ್ತಿ ಬೀರುವಿನ ಹಿಂದೆ ತುರುಕಿದಳು.

ವಿಮಾನ ಮೇಲೇರಿತು, ಕಿರುಚಿತು, ಎಂಜಿನ್ ಒಳಗೆ ಏನೋ ಮುರಿದು ಎಲ್ಲರೆದುರು ದೊಪ್ಪನೆ ಬಿತ್ತು. ಅಪ್ಪ ಅದನ್ನೆತ್ತಿ ತುಂಬ ಹೊತ್ತು ನೋಡಿದ.

"ಕನ್ನಡಕ ಹಾಕಿರಲಿಲ್ಲ ಕಣ್ರಯ್ಯ. ಕೈಗೆ ಸಿಕ್ಕಿದ್ದು ಬಿಗಿದುಬಿಟ್ಟೆ," ಎಂದ.

ಪಾಪ, ತನ್ನ ಕಣ್ಣೇ ತಪ್ಪಿತೆಂದು ನಂಬಿದ್ದಾನೆ ಎಂದುಕೊಂಡಳು. ವಾರದ ಮೇಲೆ ಬೀರುವಿನ ಹಿಂದೆ ಪೊಟ್ಟಣ ಕಾಣದಾದಾಗ ಅಮ್ಮ ಗುಡಿಸಿ ಎಸೆದಿರಬೇಕೆಂದು ಉಸಿರುಬಿಟ್ಟಳು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂದುಕೊಂಡೇ ಇಪ್ಪತ್ತೆಂಟು ವರ್ಷ ಕಳೆದವು. ಒಂಬತ್ತಿಂಚಣ್ಣ ಎಂಬ ಅಡ್ಡಹೆಸರು ಅಪ್ಪನಿಗೆ ಅಂಟಿಕೊಂಡಿತು. ಕರೆದಾಗಲೆಲ್ಲ ಅವನು ನಕ್ಕು ಓಗೊಡುತ್ತಿದ್ದ.

* * *

ಮೂರನೇ ಹಾರ್ನ್ ಕೇಳಿಸಿತು. ಪೆಟ್ಟಿಗೆಯ ತಳದಲ್ಲಿ ಒಂದು ಪೊಟ್ಟಣ ಇನ್ನೂ ಅಂಟಿಕೊಂಡು ಕೂತಿತ್ತು. ಹಳದಿಯಾದ ಹಾಳೆ, ಅದರ ಮೇಲೆ ಭಿನ್ನರಾಶಿ ಲೆಕ್ಕ, ಅವಳದೇ ಗುಂಡು ಅಕ್ಷರ. ಅವಳು ಗಡಿಬಿಡಿಯಲ್ಲಿ ಮುದುರಿ ಸುತ್ತಿದ್ದ ಹಾಳೆಯನ್ನು ಯಾರೋ ನೀಟಾಗಿ ಮಡಿಸಿ ದಾರ ಕಟ್ಟಿದ್ದರು. ಮೋಟಾರಿನ ಸುರುಳಿಗೆ ಅಪ್ಪ ಹಾಕುತ್ತಿದ್ದುದು ಅದೇ ಗಂಟು.

ಅಪ್ಪನಿಗೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು.

ಅವಳು ಹೊರಗೆ ಬಂದಳು. ದಾರ ಬಿಚ್ಚಿ ಒಳಗಿದ್ದ ಹನ್ನೊಂದಿಂಚಿನ ಪ್ರೊಪೆಲ್ಲರನ್ನು ಎತ್ತಿ ಹಿಡಿದಳು.

"ಅಪ್ಪನ್ನ ಇನ್ಮೇಲೆ ಹಾಗೆ ಕರೀಬೇಡಿ. ಆವತ್ತು ಒಂಬತ್ತಿಂಚು ಹಾಕಿದ್ದು ನಾನು. ಅಪ್ಪ ಹಾಕಿದ್ದು ಇದು."

ಮೇಷ್ಟ್ರು ಜೇಬಿನಿಂದ ಸ್ಪ್ಯಾನರ್ ತೆಗೆದು ಅವಳ ಕೈಗಿಟ್ಟರು.

"ನೀನೇ ಬಿಗಿಯಮ್ಮ," ಎಂದರು.

ಬಿಗಿದಳು. ಗಡಿಯಾರದವರು ವಿಮಾನದ ಬಾಲ ಹಿಡಿದು ಅಪ್ಪನ ತಲೆಯ ಬಳಿ ಕೂತರು. ಬೆರಳಿಗೆ ಬಟ್ಟೆ ಸುತ್ತಿ, ತಿರುಗಲೆಂದು ಪ್ರೊಪೆಲ್ಲರಿಗೆ ಏಟು ಕೊಟ್ಟಳು. ಮೂರನೆಯ ಏಟಿಗೆ ಎಂಜಿನ್ ಹತ್ತಿಕೊಂಡಿತು. ಏದುಸಿರೂ ಇಲ್ಲ, ಹುಚ್ಚೂ ಇಲ್ಲ. ಸದ್ದು ಒಂದೇ ಸಮನೆ ಸಾಗಿತು. ಬೀದಿಯಲ್ಲಿ ಗಾಡಿಯವನು ಹಾರ್ನಿನಿಂದ ಕೈ ತೆಗೆದ. ಪ್ರೊಪೆಲ್ಲರಿನ ಗಾಳಿ ಹಿಂದಕ್ಕೆ ಬೀಸಿ ಅಪ್ಪನ ಹಣೆಯ ಬಿಳಿಗೂದಲು ಹಾರಾಡತೊಡಗಿತು.