ಬೇಕರಿಯವನ ಸೊಂಟದ ಅಳತೆ

ಅಮ್ಮ ಬರೆದಿಟ್ಟ ಕತೆಗಳ ಪುಸ್ತಕವನ್ನು ಮಗಳು ಕೈಚೀಲಕ್ಕೆ ತುರುಕುತ್ತಿದ್ದಾಗಲೇ ಸೋದರಮಾವ ಬಾಗಿಲಿಗೆ ಅಡ್ಡ ನಿಂತ.

"ಅದನ್ನ ಇಲ್ಲೇ ಇಟ್ಟು ಬಾರಮ್ಮ. ಸ್ಮಶಾನದಲ್ಲಿ ಇನ್‌ಸ್ಪೆಕ್ಟರ್ ಬಂದು ಕೂತಿದಾನೆ. ಆ ಓಣಿ ಸುದ್ದಿ ಎತ್ತಿದ್ರೆ ನಿನ್ನ ಟೀಚರ್ ಕೆಲಸ ಹೋಗತ್ತೆ, ಜೈಲೂ ಆಗತ್ತೆ."

"ಅಮ್ಮ ಕೇಳಿದ್ದು ಇದೊಂದೇ, ಮಾವ. ಮಣ್ಣು ಹಾಕೋ ಮುಂಚೆ ಬೇಕರಿಯವನ ಕತೆ ಓದು ಅಂತ."

"ಅವಳೇನು, ಕೇಳಿ ಹೋಗ್ಬಿಟ್ಲು. ಅನುಭವಿಸೋರು ನಾವು!" ಎಂದು ಗೊಣಗುತ್ತಲೇ ದಾರಿ ಬಿಟ್ಟ. ಅಕ್ಕನ ಹಟದ ಮುಂದೆ ಅವನ ಬೇಳೆ ಎಂದೂ ಬೆಂದಿರಲಿಲ್ಲ.

ಅಮ್ಮ ದರ್ಜಿ. ಮದುವೆಗೆ ಮುಂಚೆ ಆ ಓಣಿಯಲ್ಲಿ ಅಂಗಡಿ ಇಟ್ಟಿದ್ದಳು. ಒಂದು ರಾತ್ರಿ ಬಂದೂಕಿನವರು ಬಂದು ಓಣಿಗೆ ಓಣಿಯನ್ನೇ ಕೊಂದು ಮುಗಿಸಿದರು. ಹೊಲಿದ ಬಟ್ಟೆ ಕೊಡಲು ಪಕ್ಕದೂರಿಗೆ ಹೋಗಿದ್ದ ಅವಳು ಉಳಿದಳು. ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ. ಸರ್ಕಾರದ ಪ್ರಕಾರ ಅಲ್ಲಿ ಓಣಿಯೇ ಇರಲಿಲ್ಲ. ಇಲ್ಲದ ಓಣಿಯ ಮಾತೆತ್ತಿದರೆ ಜೈಲು ಮಾತ್ರ ಗ್ಯಾರಂಟಿ.

*

"ಬರೀ ತಮಾಷೆ ಕತೆಗಳೇ ಅಲ್ವೇನಮ್ಮ ಇವು! ಅವರನ್ನ ಹೆಂಗೆ ಕೊಂದ್ರು ಅಂತ ಯಾಕೆ ಬರೀಲಿಲ್ಲ?" ಮಗಳು ಒಮ್ಮೆ ಸಿಟ್ಟಿನಿಂದಲೇ ಕೇಳಿದ್ದಳು.

ಅಮ್ಮ ಹೊಲಿಗೆ ಯಂತ್ರ ನಿಲ್ಲಿಸಲಿಲ್ಲ.

"ಅದನ್ನ ಬೇರೆಯವರು ಬರೀಲಿ, ಬರೀಲೇಬೇಕು. ನನಗೆ ಗೊತ್ತಿರೋದು ಇವರ ಅಳತೆ. ಯಾರ ಭುಜ ಒಂದು ಕಡೆ ವಾಲಿತ್ತು, ಯಾರು ಉಸಿರು ಬಿಗಿಹಿಡಿದು ಟೇಪಿಗೇ ಮೋಸ ಮಾಡ್ತಿದ್ರು, ಎಲ್ಲ ಗೊತ್ತು. ಇವರು ಇರ್ಲೇ ಇಲ್ವಂತೆ! ಹಂಗಾದ್ರೆ ವರ್ಷಾ ವರ್ಷಾ ನಾನು ಯಾವನ ಹೊಟ್ಟೆಗೆ ಪ್ಯಾಂಟು ಸಡಿಲ ಮಾಡಿಕೊಟ್ಟೆ, ಕೇಳು ಅವರನ್ನ!"

*

"ನಾಲ್ಕು ಒಳ್ಳೆ ಮಾತಾಡಿ ಮುಗಿಸ್ರಿ. ಓಣಿ ಗೀಣಿ ಬೇಡ," ಎಂದ ಇನ್‌ಸ್ಪೆಕ್ಟರ್.

ಮಗಳು ಗುಂಡಿಯ ಪಕ್ಕ ಇಳಿಸಿದ್ದ ಪೆಟ್ಟಿಗೆಯನ್ನು ನೋಡಿದಳು. ಪುಸ್ತಕ ತೆರೆದು ಗಟ್ಟಿಯಾಗಿ ಓದಿದಳು:

"ನಮ್ಮ ಓಣಿಯ ಬೇಕರಿಯವನು ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಳ್ಳುತ್ತಿದ್ದ. ಮದುವೆಯ ಕೋಟನ್ನೂ ನಾನು ಅದೇ ಸುಳ್ಳು ಅಳತೆಗೆ ಹೊಲಿದೆ. ಊಟಕ್ಕೆ ಕೂತವನು ಒಂದು ಸಲ ಸೀನಿದ ನೋಡಿ, ಕೋಟಿನ ಬಟನ್ ಕಿತ್ತು ಹಾರಿ ಹೆಣ್ಣು ಕೊಟ್ಟ ಮಾವನ ಬಟ್ಟಲಿಗೇ ಬಿತ್ತು."

ಯಾರೋ ಕಿಸಕ್ಕೆಂದರು. ಆಮೇಲೆ ತಡೆಯಲಾಗಲಿಲ್ಲ, ಸೇರಿದ ಜನವೆಲ್ಲ ನಕ್ಕಿತು. ಕಾನ್‌ಸ್ಟೇಬಲ್ ಒಬ್ಬ ಮುಖ ಆಚೆ ತಿರುಗಿಸಿಕೊಂಡ.

"ನಿಲ್ಲಿಸ್ರೀ! ಅಂಥ ಓಣಿ ಇರ್ಲಿಲ್ಲ, ಅಂಥ ಬೇಕರಿಯವನೂ ಇರ್ಲಿಲ್ಲ!"

ಹಿಂದಿನಿಂದ ಸೊಪ್ಪು ಮಾರುವ ಅಜ್ಜಿ ಜನರನ್ನು ತಳ್ಳಿಕೊಂಡು ಮುಂದೆ ಬಂದಳು. ತನಗೆ ಹಿಂದೆ ಮುಂದೆ ಯಾರೂ ಇಲ್ಲ ಎಂದೇ ಇಷ್ಟು ವರ್ಷ ಹೇಳಿಕೊಂಡು ಬದುಕಿದ್ದವಳು.

"ಇದ್ದ. ಅವನು ನಮ್ಮಣ್ಣ," ಎಂದಳು. "ದರ್ಜಿ ತಪ್ಪು ಬರೆದಿದಾಳೆ. ಬಟನ್ ಬಿದ್ದಿದ್ದು ಅವನ ಮಾವನ ಬಟ್ಟಲಿಗಲ್ಲ, ನನ್ನ ಬಟ್ಟಲಿಗೆ."

ಇನ್‌ಸ್ಪೆಕ್ಟರ್ ಸೀಟಿ ಊದಿದ. ಗುಂಡಿ ತೋಡಿದವನು ಸಲಿಕೆಯನ್ನು ಮಣ್ಣಿಗೆ ಚುಚ್ಚಿ, ಗುಡ್ಡೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

"ಆಮೇಲೆ, ಅಜ್ಜಿ?"